ಚನ್ನಾಜಮ್ಮನ ಗೂಡು

ಗೂಡಿಗೆ ಹೋಗುವ ದಿನ ಬೆಳಿಗ್ಗೆಯೂ ಚನ್ನಾಜಮ್ಮ ಸೊಸೆಯನ್ನು ಬೈಯುವುದು ಬಿಡಲಿಲ್ಲ. ಎದೆಯಲ್ಲಿ ಉಸಿರಿಲ್ಲ, ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವೆ ಗೋಡೆ ಹಿಡಿದು ನಿಲ್ಲಬೇಕು, ಆದರೂ ಬಿಡಬೇಕಲ್ಲ! ಸೊಪ್ಪು ದಪ್ಪ ಕೊಚ್ಚಿದ್ದೀಯ ಅಂತ ಒಂದು, ಹುಳುಮನೆ ಬಾಗಿಲಿಗೆ ಸುಣ್ಣ ಉದುರಿಸಿಲ್ಲ ಅಂತ ಇನ್ನೊಂದು, ಬಟ್ಟೆಗಂಟು ಸಡಿಲ ಕಟ್ಟಿದ್ದೀಯ ಅಂತ ಮತ್ತೊಂದು.

"ಅತ್ತೆ, ಬಸ್ಸು ಬರೋ ಹೊತ್ತಾಯ್ತು, ಹೊರಡು" ಎಂದಳು ಹೊಂಬಾಳಮ್ಮ.

"ಬಂದ್ರೆ ವಸಿ ನಿಂತ್ಕತದೆ. ಹುಳ ನಿಂತ್ಕತದಾ? ಮೂರನೇ ಜ್ವರಕ್ಕೆ ಕೂತವೆ, ಗಲಾಟೆ ಮಾಡ್ಬ್ಯಾಡ ಒಳಗೆ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತದೆ. ಕನಕಪುರದ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಚನ್ನಾಜಮ್ಮನೂ ಆರು ತಿಂಗಳಿಂದ ಹಾಗೇ ತಲೆಯೆತ್ತಿಕೊಂಡು ಕೂತಿದ್ದವಳೇ. ಹುಳುವಿಗೆ ರೋಗ ಬಾರದಿರಲೆಂದು ಜೀವಮಾನವೆಲ್ಲ ಹುಳುಮನೆಗೆ ಹೊಡೆದ ಫಾರ್ಮಲಿನ್ನು, ಒಲೆಯ ಹೊಗೆ ಎರಡೂ ಸೇರಿ ಎದೆಯ ಚೀಲಗಳು ಒಣಗಿದ ಸೋರೆಬುರುಡೆಯ ಹಾಗಾಗಿದ್ದವು. ಔಷಧಿ ಮುಗಿಯಿತು, ಇನ್ನುಳಿದದ್ದು ಮರುಗೂಡು ಒಂದೇ ಎಂದರು ಡಾಕ್ಟರು.

ಆ ಹೊತ್ತಿಗೆ ಮರುಗೂಡು ಎನ್ನುವುದು ಜನಕ್ಕೆ ತೀರಾ ಹೊಸದೇನೂ ಅಲ್ಲ. ರಿಪೇರಿಗೆ ಬಾರದಷ್ಟು ಕೆಟ್ಟ ದೇಹವನ್ನು ರೇಷ್ಮೆನೂಲಿನ ದೊಡ್ಡ ಗೂಡೊಳಗೆ ಮಲಗಿಸಿ, ಕರಗಿಸಿ, ಅದೇ ಸಾಮಾನಿನಿಂದ ಹೊಸದಾಗಿ ಕಟ್ಟುವುದು. ಚಿಟ್ಟೆ ಮಾಡುವ ಕೆಲಸವನ್ನೇ ಮನುಷ್ಯನಿಂದ ಮಾಡಿಸುವುದು ಅನ್ನಿ. ರಾಮನಗರದ ಬಂಡೆಗಳ ಬುಡದಲ್ಲಿ ಅದಕ್ಕೊಂದು ಕೇಂದ್ರ ಎದ್ದಿತ್ತು. ಹೋಗಿ ಬಂದವರನ್ನು ಕಂಡರೆ ಜನ ಸ್ವಲ್ಪ ದೂರ ನಿಂತು ಮಾತಾಡಿಸುತ್ತಿದ್ದರು, ಅಷ್ಟೆ. ಯಾಕೆಂದರೆ ಮುಖ ಪೂರ್ತಿ ಹಳೆಯದಾಗಿ ಬರುವುದಿಲ್ಲ, ಬೆರಳ ಗೆರೆ ಬೇರೆ, ಕಣ್ಣು ಬೇರೆ. ಒಳಗಿನ ಮನುಷ್ಯ ಅದೇ ಹೌದೋ ಅಲ್ಲವೋ ಎನ್ನುವುದು ಮನೆಯವರಿಗೇ ಗೊತ್ತಾಗಬೇಕು.

ಚನ್ನಾಜಮ್ಮ ಹೆದರಲಿಲ್ಲ. "ಹುಳ ಮಾಡೋದನ್ನ ನಾನು ಮಾಡಲಾರೆನಾ?" ಎಂದಳು. ಆಮೇಲೆ "ಇಷ್ಟು ವರ್ಷ ಗೂಡು ಮಾರಿವ್ನಿ ಕಣೇ, ಒಂದು ಚಿಟ್ಟೆ ಹೊರಗೆ ಬರೋದನ್ನ ನೆಟ್ಟಗೆ ನೋಡಿಲ್ಲ. ಬರಕ್ಕೆ ಬಿಟ್ರಲ್ವಾ ನೋಡಕ್ಕೆ?" ಎಂದಳು. ನಿಜವೇ. ಚಿಟ್ಟೆ ಹೊರಬಂದ ಗೂಡಿನಲ್ಲಿ ನೂಲು ತುಂಡು ತುಂಡು, ಅದನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಬರುವ ಮುಂಚೆಯೇ ಗೂಡು ಕುದಿನೀರಿಗೆ ಬೀಳಬೇಕು. ಅವರ ಕಸುಬಿನಲ್ಲಿ ಹೊರಬಂದದ್ದು ನಷ್ಟ.

ಇನ್ನು ಈ ಅತ್ತೆ ಸೊಸೆಯರ ಸಂಗತಿ. ಹೊಂಬಾಳಮ್ಮ ಬರೀ ರಾಗಿ ಬೆಳೆಯುವ ಊರಿಂದ ಬಂದವಳು, ಹುಳುವಿನ ಮಡಿ ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ಸಂಪಿಗೆ ಮುಡಿದುಕೊಂಡು ಹುಳುಮನೆಗೆ ಕಾಲಿಟ್ಟಳು. ಹುಳುವಿಗೆ ಘಾಟು ಆಗುವುದಿಲ್ಲ ಎಂದು ಆ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಪೌಡರು ಬಳಿಯುವಂತಿಲ್ಲ, ಒಗ್ಗರಣೆ ಹಾಕುವಾಗ ನಡುಬಾಗಿಲು ಮುಚ್ಚಬೇಕು. ಇವಳು ಸಂಪಿಗೆ! ಚನ್ನಾಜಮ್ಮ ಕೂದಲ ಸಮೇತ ಹೂವನ್ನು ಕಿತ್ತು ಚರಂಡಿಗೆ ಎಸೆದಳು. ಆದರೇನು, ಆ ಬೆಳೆಯ ಹುಳುವೆಲ್ಲ ರೋಗ ಹಿಡಿದು, ಮೈಯಲ್ಲಿ ಹಾಲಿನಂಥ ನೀರು ತುಂಬಿ, ಹಾಲುಹುಳುವಾಗಿ ಊದಿಕೊಂಡು ಸತ್ತಿತು. ಕಾರಣ ಹೂವೋ, ಒದ್ದೆ ಸೊಪ್ಪೋ, ದೇವರೇ ಬಲ್ಲ. ಮುದುಕಿ ತಟ್ಟೆ ತಟ್ಟೆ ತಿಪ್ಪೆಗೆ ಸುರಿದು, ಅಲ್ಲೇ ಕೂತು ಬಾಯಿ ಬಡಿದುಕೊಂಡು ಅತ್ತಳು. ಅಂದಿನಿಂದ ಅವಳ ಮೂಗಿಗೆ ಸಂಪಿಗೆ ಅಂದರೆ ಸಾವು. ದಾರಿಯಲ್ಲಿ ಸಂಪಿಗೆ ಮರ ಬಂದರೆ ಸುತ್ತಿ ಬಳಸಿ ಹೋಗುವಳು.

ಮುಂದೆ ಹೊಂಬಾಳಮ್ಮನ ಗಂಡ ಮಾದೇಶ ಲಾರಿಗೆ ಸಿಕ್ಕಿ ತೀರಿಕೊಂಡ. ನೆಂಟರ ಹೆಂಗಸರು ಬಂದು ಅವಳ ತಲೆಯ ಹೂವಿಗೆ ಕೈ ಹಾಕಿದಾಗ, ಹೆಣದ ಪಕ್ಕದಲ್ಲಿ ಕೂತಿದ್ದ ಚನ್ನಾಜಮ್ಮ ಎದ್ದು ಬಂದು ಅಡ್ಡ ನಿಂತಳು. "ನನ್ನ ಮನೇಲಿ ಹೂವ ತೆಗೆಯೋದು ಹುಳಕ್ಕೋಸ್ಕರ. ಸತ್ತೋರಿಗೋಸ್ಕರ ಅಲ್ಲ. ಕೈ ತೆಗೀರಿ" ಎಂದಳು. ಅವರು ಹಿಂದೆ ಸರಿದರು. ಅಂದಿನಿಂದ ಪ್ರತಿ ಬೆಳೆಯ ಗೂಡು ಮಾರಿ ಬರುವಾಗ ಸೊಸೆಗೆ ಒಂದು ಮೊಳ ಕನಕಾಂಬರ ತರುವಳು. ಕನಕಾಂಬರಕ್ಕೆ ವಾಸನೆ ಇಲ್ಲ ನೋಡಿ. ಮುದುಕಿ ಪ್ರೀತಿ ಮಾಡುವಾಗಲೂ ಹುಷಾರು.

ಮಕ್ಕಳಿಲ್ಲ, ಮರಿಯಿಲ್ಲ. ಹೊಂಬಾಳಮ್ಮನಿಗೆ ಇದ್ದ ಒಂದೇ ಒಂದು ಜೀವ ಎಂದರೆ ಈ ಬಾಯಿಬಡುಕಿ. ಬಸ್ಸಿನಲ್ಲಿ ಅತ್ತೆಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಕೂತಾಗ ಅವಳಿಗೆ ಒಂದೇ ಯೋಚನೆ. ಹೊರಬರುವವಳು ನನ್ನನ್ನು ಗುರುತು ಹಿಡಿಯದಿದ್ದರೆ?

*

ಕೇಂದ್ರದ ಡಾಕ್ಟರು ಗುರುಪಾದ ಹಂಚಿನಾಳ. ಬಾಗಲಕೋಟೆ ಕಡೆಯವರು, ದೊಡ್ಡ ದನಿ, ಮೆತ್ತಗಿನ ಮನಸ್ಸು.

"ನೋಡ್ರಿ ಅಮ್ಮಾರ, ಎದಿ ಬಡಿತ ನಿಲ್ಲಂಗಿಲ್ಲ, ಮೆದುಳು ಕರಗಂಗಿಲ್ಲ. ಉಳಿದದ್ದೆಲ್ಲಾ ಅಂಬಲಿ ಆಕ್ಕೈತಿ" ಎಂದರು. "ಎಲುಬು ಸೈತ ಮೆತ್ತಗಾಕ್ಕೈತಿ. ಆಮ್ಯಾಗ ಒಂದೊಂದು ಜೀವಕಣಕ್ಕೂ ನಾವು ಹೇಳ್ತೀವಿ, ಏಯ್, ನೀ ಸಣ್ಣವಿದ್ದಾಗ ಹೆಂಗ ಇದ್ದಿ, ಹಂಗ ಆಗು, ಮತ್ತ ಬೆಳಿ ಅಂತ. ಅವು ಬೆಳೀತಾವ. ಎರಡು ಬೆಳಿ ಹುಳ ಆಗೋಷ್ಟು ಕಾಲ ಹಿಡೀತೈತಿ."

"ಹೇಳಿದ್ ಮಾತು ಕೇಳ್ತಾವಾ ಅವು?" ಎಂದಳು ಚನ್ನಾಜಮ್ಮ. "ನನ್ನ ಸೊಸೆ ಕೇಳಲ್ಲ."

ಡಾಕ್ಟರು ನಕ್ಕು, ಹೊಂಬಾಳಮ್ಮನ ಕಡೆ ತಿರುಗಿದರು. "ಮೆದುಳು ಉಳೀತೈತಿ ಖರೆ, ಆದ್ರ ಅದರೊಳಗಿನ ಗಂಟು ಸಡಿಲಾಕ್ಕಾವ. ಮುಖ ಮರೀಬಹುದು, ಮಾತು ಮರೀಬಹುದು. ಭಾಳ ಹಳೇ ಗಂಟು ವಾಸನೀದು, ಅದು ಲಗೂನ ಬಿಚ್ಚಂಗಿಲ್ಲ. ಹಿಂದೊಮ್ಮೆ ಹುಳದ ಮ್ಯಾಲ ಒಂದು ಪರೀಕ್ಷಾ ಮಾಡಿದ್ರು. ಹುಳಕ್ಕ ಒಂದು ವಾಸನಿ ತೋರಿಸೋದು, ಚುರ್ ಅಂತ ಸಣ್ಣ ಶಾಕ್ ಕೊಡೋದು. ಹುಳ ಆ ವಾಸನಿ ಬಂದ್ರ ಓಡಾಕ ಕಲೀತು. ಆಮ್ಯಾಗ ಅದು ಗೂಡಿನೊಳಗ ಕರಗಿ, ರೆಕ್ಕಿ ಬಂದು, ಹೊರಗ ಬಂತು. ಅವಾಗ ಅದೇ ವಾಸನಿ ತೋರಿಸಿದ್ರ, ಏನಾತು ಹೇಳ್ರಿ? ಚಿಟ್ಟೀನೂ ಓಡಿತು!"

ಹೊಂಬಾಳಮ್ಮ ಅತ್ತೆಯ ಕಡೆ ನೋಡಿದಳು. ಕರಗಿ ನೀರಾದ ಮೇಲೂ ನೆನಪಿರುತ್ತದೆಯೇ?

"ಪಾಪದ ಹುಳಕ್ಕೆ ಶಾಕ್ ಕೊಟ್ರಾ?" ಎಂದು ಚನ್ನಾಜಮ್ಮ ಮುಖ ಸಿಂಡರಿಸಿದಳು. "ಅವ್ರ ಕೈ ಸೇದೋಗ."

"ಅದಕ್ಕ ಹೇಳ್ತೀನಿ, ಗೂಡಿಗೆ ಒಂದು ಉಸಿರುಕಿಂಡಿ ಇರ್ತೈತಿ. ನೀವು ಆಗಾಗ ಬಂದು ಅಲ್ಲಿ ಕೂಡ್ರಿ. ನಿಮ್ಮ ಮನಿ ವಾಸನಿ, ಉಟ್ಟ ಸೀರಿ, ಹೊಗಿ, ಬೆವರು, ಏನರ ಇರಲಿ, ಒಳಗ ಹೋಗ್ಲಿ. ಅದೇ ಆಕಿಗೆ ದಾರಿ."

ಡಾಕ್ಟರು ಆಚೆ ಹೋದದ್ದೇ ತಡ, ಚನ್ನಾಜಮ್ಮ ಸೊಸೆಯ ಕೈ ಹಿಡಿದು ಹತ್ತಿರಕ್ಕೆ ಎಳೆದಳು. "ಅವ್ರು ಓದ್ದೋರು, ಹೇಳ್ತಾರೆ. ನೀನು ಗೂಡಿನ ಹತ್ರ ವಾಸನೆ ಗೀಸನೆ ಸೇರಿಸಬ್ಯಾಡ ಕಣೇ. ಕೊಳೆತೋಯ್ತೀನಿ ನಾನು. ಮಾತು ಕೊಡು."

ಹೊಂಬಾಳಮ್ಮ ಮಾತು ಕೊಟ್ಟಳು. ನೀವೇ ಹೇಳಿ, ಅತ್ತೆಯ ಮಾತೋ, ಡಾಕ್ಟರ ಮಾತೋ ಎಂದು ಬಂದಾಗ ಇಷ್ಟು ವರ್ಷ ಆ ಮನೆಯಲ್ಲಿ ಬಾಳಿದ ಸೊಸೆ ಯಾವುದನ್ನು ನಡೆಸುತ್ತಾಳೆ?

ಮದ್ದು ಕೊಟ್ಟರು. ಚನ್ನಾಜಮ್ಮ ಕಣ್ಣು ಮುಚ್ಚಿದಳು. ಬಿಳಿಯ ಗಾಜಿನ ಕೋಣೆಯಲ್ಲಿ ಅವಳನ್ನು ಬೆಚ್ಚನೆಯ ತಿಳಿನೀರಿನ ಮೇಲೆ ತೇಲಿಬಿಟ್ಟರು. ಸುತ್ತಲಿಂದ ಸಣ್ಣ ಸಣ್ಣ ಕೊಳವೆಗಳು ತಲೆ ಆಡಿಸುತ್ತ ಬಂದವು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಹೊಂಬಾಳಮ್ಮನಿಗೆ ಆ ಆಟ ಚೆನ್ನಾಗಿ ಗೊತ್ತು. ಹಣ್ಣಾದ ಹುಳು ತಲೆ ತಿರುಗಿಸುತ್ತ ಇಂಗ್ಲಿಷಿನ ಎಂಟರ ಹಾಗೆ ನೂಲು ಬಿಡುವುದು ಹೀಗೇ. ಕಣ್ಣಿಗೆ ಕಾಣದ ಎಳೆ ಮೊದಲು ಗಾಳಿಯಲ್ಲಿ ಮಿನುಗಿತು, ಆಮೇಲೆ ಮಂಜಾಯಿತು, ಆಮೇಲೆ ಹೊದಿಕೆಯಾಯಿತು. ಮುದುಕಿಯ ಬಿಳಿಗೂದಲು, ಸುಕ್ಕುಗೆನ್ನೆ, ಬೈಯಲೆಂದೇ ಅರೆತೆರೆದಿದ್ದ ಬಾಯಿ ಎಲ್ಲವೂ ನಿಧಾನವಾಗಿ ಮರೆಯಾದವು. ಕೊನೆಗೆ ಉಳಿದದ್ದು ಆಳುದ್ದದ ಒಂದು ಹೊಂಬಣ್ಣದ ಗೂಡು. ಎಂಥ ಗೂಡು! ಅಷ್ಟು ಒಳ್ಳೆಯ ಗೂಡನ್ನು ಹೊಂಬಾಳಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಎರಡೂ ಕೈ ತಾವಾಗಿಯೇ ಮುಗಿದುಕೊಂಡವು.

*

ಊರಲ್ಲಿ ಬೆಳೆ ನಿಲ್ಲಿಸುವಂತಿಲ್ಲ. ಹೊಂಬಾಳಮ್ಮ ಒಬ್ಬಳೇ ಸೊಪ್ಪು ಕೊಯ್ದಳು, ಕೊಚ್ಚಿದಳು, ಹುಳು ಹಣ್ಣಾದಾಗ ಆಯ್ದು ಗೂಡು ಕಟ್ಟಲೆಂದು ಬಿದಿರಿನ ತಟ್ಟಿಗೆ, ಅದೇ ಚಂದ್ರಂಕಿಗೆ, ಬಿಟ್ಟಳು. ಮನೆಯಲ್ಲಿ ಸದ್ದೇ ಇಲ್ಲ. ಹುಳು ಸೊಪ್ಪು ತಿನ್ನುವ ಚರಚರ ಮಾತ್ರ. ಒಂದು ದಿನ ಬೇಕೆಂದೇ ಸೊಪ್ಪು ದಪ್ಪ ದಪ್ಪ ಕೊಚ್ಚಿ ಹಾಕಿ, ಬಾಗಿಲ ಕಡೆ ನೋಡುತ್ತ ನಿಂತಳು. ಯಾರೂ ಬೈಯಲಿಲ್ಲ. ಅವಳಿಗೆ ಅಳು ಬಂದುಬಿಟ್ಟಿತು. ಬೈಗುಳ ಸಿಗಲಿಲ್ಲ ಎಂದು ಅಳುವ ಸೊಸೆಯನ್ನು ಎಲ್ಲಾದರೂ ಕಂಡಿದ್ದೀರಾ?

ರಾಮನಗರಕ್ಕೆ ಹೋಗುವ ದಿನ ಅವಳು ಸಾಬೂನು ಮುಟ್ಟದೆ ಬರೀ ನೀರಲ್ಲಿ ಮಿಂದು, ತಲೆಗೆ ಎಣ್ಣೆ ಸೋಕಿಸದೆ, ಸುಣ್ಣದ ನೀರಿನಲ್ಲಿ ಅದ್ದಿ ಉರಿಬಿಸಿಲಿನಲ್ಲಿ ಒಣಗಿಸಿದ ಸೀರೆ ಉಟ್ಟು ಹೊರಡುವಳು. ಗೂಡಿನ ಪಕ್ಕ ಕೂತು, ಉಸಿರುಕಿಂಡಿಯ ಅಂಚನ್ನೂ ಬಿಸಿನೀರಲ್ಲಿ ಒರೆಸುವಳು. ಅಲ್ಲಿನ ನರ್ಸು ಫಿಲೋಮಿನಾ, "ಎಷ್ಟು ಕ್ಲೀನ್ ಅಮ್ಮ ನೀವು!" ಎಂದು ಮೆಚ್ಚಿಕೊಂಡಳು. ಡಾಕ್ಟರು ಹೇಳಿದರಲ್ಲ ಎಂದು ಅವಳು ಕಿಂಡಿಯ ಬಳಿ ಮಡಿಚಿ ಇಟ್ಟ ಅಂಥದೇ ಇನ್ನೊಂದು ಸೀರೆ ನೋಡಿ ಅವರೂ ಸಮಾಧಾನಪಟ್ಟರು. ಅದನ್ನು ಮೂಸಿ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಒಂದು ಬೆಳೆ ಕಳೆದ ಮೇಲೆ ಡಾಕ್ಟರು ಅವಳನ್ನು ಒಳಗೆ ಕರೆದರು. "ನೋಡ್ತೀರೇನ್ರಿ? ಅಂಜಬ್ಯಾಡ್ರಿ."

ಗೂಡಿನ ಹಿಂದೆ ದೀಪ ಹಚ್ಚಿದರು, ಮೊಟ್ಟೆಯನ್ನು ಬೆಳಕಿಗೆ ಹಿಡಿದ ಹಾಗೆ. ಗೂಡು ಒಳಗಿನಿಂದ ಹೊಳೆಯಿತು. ಹೊಂಬಾಳಮ್ಮ ಕೈ ಕಾಲು ಹುಡುಕಿದಳು. ಇಲ್ಲ. ಮುಖ ಹುಡುಕಿದಳು. ಇಲ್ಲ. ಜೇನುಬಣ್ಣದ ಮೋಡ ಒಂದು ಮೆಲ್ಲಗೆ ಸುಳಿಯುತ್ತಿತ್ತು. ಅದರ ನಡುವೆ ಕೆಂಪಗೆ ಒಂದು ಮುಷ್ಟಿ, ಬಿಚ್ಚುತ್ತ, ಮುಚ್ಚುತ್ತ, ಬಿಚ್ಚುತ್ತ, ಮುಚ್ಚುತ್ತ ಇತ್ತು.

"ಅದು ಎದೀರಿ" ಎಂದರು ಡಾಕ್ಟರು. ಅವರ ದೊಡ್ಡ ದನಿಯೂ ಪಿಸುಮಾತಾಗಿತ್ತು. "ನಾ ಎಷ್ಟೋ ಸಲ ನೋಡೀನಿ. ಪ್ರತಿ ಸಲ ಮೊದಲನೇ ಸಲ ನೋಡಿದಂಗ ಆಕ್ಕೈತಿ."

ಮೋಡದ ಅಂಚಿನಲ್ಲಿ ಎಲ್ಲೋ ಐದು ಸಣ್ಣ ಮೊಗ್ಗುಗಳು ಸಾಲಾಗಿ ಮೂಡಿದ್ದವು. ನೋಡುತ್ತ ನೋಡುತ್ತ ಹೊಂಬಾಳಮ್ಮನಿಗೆ ತಿಳಿಯಿತು, ಅವು ಬೆರಳು. ತಲೆಯ ಹೂವನ್ನು ಕಿತ್ತ ಬೆರಳು, ತಲೆಯ ಹೂವನ್ನು ಕಾದ ಬೆರಳು, ಮತ್ತೆ ಮೊದಲಿಂದ ಹುಟ್ಟುತ್ತಿವೆ. ತಾನು ಇಷ್ಟು ವರ್ಷ ಕುದಿನೀರಿಗೆ ಕಳಿಸಿದ ಒಂದೊಂದು ಗೂಡಿನೊಳಗೂ ಇಂಥದೇ ಬೆಳಕು ಓಡಾಡುತ್ತಿತ್ತಲ್ಲ ಎಂದು ಅನ್ನಿಸಿ ಅವಳು ನೆಲದ ಮೇಲೆ ಕೂತುಬಿಟ್ಟಳು. ಫಿಲೋಮಿನಾ ನೀರು ತಂದುಕೊಟ್ಟಳು.

*

ಎರಡನೇ ಬೆಳೆಯ ಗೂಡು ಬಿಡಿಸಿದ ಮೇಲೆ ಫೋನು ಬಂತು. ಹೊಂಬಾಳಮ್ಮ ಹೋಗುವಷ್ಟರಲ್ಲಿ ಗೂಡಿನ ಒಂದು ತುದಿ ಒದ್ದೆಯಾಗಿ ಬಣ್ಣ ತಿರುಗಿತ್ತು. ಯಾರೂ ಕತ್ತರಿಸುವಂತಿಲ್ಲ. ಒಳಗಿನವರೇ ನೂಲು ಮೆತ್ತಗೆ ಮಾಡಿಕೊಂಡು ಬರಬೇಕು, ಇಲ್ಲವಾದರೆ ಹೊಸ ಎದೆಗೆ ಉಸಿರೆಳೆಯುವ ಕಸುವು ಬರುವುದಿಲ್ಲ.

ಮೊದಲು ಒಂದು ಬೆರಳು ಬಂತು. ಆಮೇಲೆ ಕೈ. ಎಳೆಗಳನ್ನು ಪಕ್ಕಕ್ಕೆ ಸರಿಸಿತು, ಸೆರಗು ಸರಿಸಿದಷ್ಟು ಮೆಲ್ಲಗೆ. ಆಮೇಲೆ ತಲೆ, ಭುಜ. ಹೊಸ ಹೆಂಗಸೊಬ್ಬಳು ಗೂಡಿನ ಬಾಯಲ್ಲಿ ಕೂತು ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಎಷ್ಟು ಉದ್ದದ ಉಸಿರು! ಆರು ತಿಂಗಳು ಗೋಡೆ ಹಿಡಿದು ಏದುಸಿರು ಬಿಟ್ಟವಳ ಉಸಿರೇ ಇದು? ಮೂವತ್ತರ ಪ್ರಾಯ, ಚಿಗುರು ಹಿಪ್ಪುನೇರಳೆ ಎಲೆಯಂಥ ನುಣುಪು ಮೈ, ಹಣೆಯ ಮೇಲೆ ಕರಿಗೂದಲ ಒದ್ದೆ ಮುಂಗುರುಳು. ಹೊಂಬಾಳಮ್ಮನಿಗಿಂತ ಚಿಕ್ಕವಳು! ಮೂಗು ಮಾತ್ರ ಚನ್ನಾಜಮ್ಮನ ಗಿಣಿಮೂಗೇ, ಅದೂ ಸ್ವಲ್ಪ ನೆಟ್ಟಗಾಗಿತ್ತು. ಕೋಣೆಯಲ್ಲಿದ್ದವರೆಲ್ಲ, ದಿನವೂ ಅದನ್ನೇ ನೋಡುವವರು ಕೂಡ, ಮುಂದೆ ಬಾಗಿ ನೋಡುತ್ತಿದ್ದರು.

"ಅತ್ತೆ" ಎಂದಳು ಹೊಂಬಾಳಮ್ಮ.

ಹೊಸಬಳು ಅವಳತ್ತ ನೋಡಿದಳು. ಗೋಡೆಯತ್ತ ನೋಡಿದಳು. ಎರಡನ್ನೂ ಒಂದೇ ರೀತಿ ನೋಡಿದಳು.

ಮೊದಲ ದಿನಗಳಲ್ಲಿ ಹಾಗೇ ಇರುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಆದರೆ ದಿನ ಹೋದ ಹಾಗೆ ಅವಳು ನಡೆಯಲು ಕಲಿತಳು, ಮುದ್ದೆ ನುಂಗಲು ಕಲಿತಳು, 'ನೀರು' 'ಬೆಳಕು' ಎನ್ನಲು ಕಲಿತಳು, ಹೊಂಬಾಳಮ್ಮನನ್ನು ಮಾತ್ರ ಯಾರೋ ದಿನಾ ಬಂದು ಹೋಗುವ ಹೆಂಗಸು ಎಂದುಕೊಂಡಳು. ಡಾಕ್ಟರಿಗೆ ಅನುಮಾನ ಬಂತು.

"ನೀವು ಕಿಂಡಿ ಹತ್ರ ಇಟ್ಟಿದ್ದು ಉಟ್ಟ ಸೀರೀನ ಹೌದಲ್ರಿ?"

"ಉಟ್ಟಿದ್ದೇ ಸ್ವಾಮಿ. ಸುಣ್ಣದ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಆಮೇಲೆ ಮಡಿಚಿ ಇಟ್ಟಿದ್ದು."

ಡಾಕ್ಟರು ಹಣೆ ಹಣೆ ಗಟ್ಟಿಸಿಕೊಂಡರು. "ಅಯ್ಯ ನಮ್ಮವ್ವ! ನಾ ಹೇಳಿದ್ದೇನು, ನೀವು ಮಾಡಿದ್ದೇನು?"

ಅವಳು ಅತ್ತೆಗೆ ಕೊಟ್ಟ ಮಾತನ್ನು ಹೇಳಿದಳು. ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು, ಅಷ್ಟೆ. ಹೊಂಬಾಳಮ್ಮನಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಪ್ರೀತಿಯಿಂದ ತೊಳೆದು ತೊಳೆದು, ಅತ್ತೆ ಮನೆಗೆ ಬರುವ ದಾರಿಯನ್ನೇ ತೊಳೆದು ಹಾಕಿದ್ದಳು.

ಆಮೇಲೆ ಏನೇನು ತರಲಿಲ್ಲ! ಹಿಪ್ಪುನೇರಳೆ ಸೊಪ್ಪು ತಂದಳು, ಸೌದೆಹೊಗೆ ಹಿಡಿದ ಕಂಬಳಿ ತಂದಳು, ಮುದುಕಿ ಪ್ರಾಣ ಬಿಡುತ್ತಿದ್ದ ಹುರುಳಿಕಾಳು ಬಸ್ಸಾರು ತಂದಳು. ಹೊಸಬಳು ಮೂಸಿ, "ಚೆನ್ನಾಗೈತೆ" ಎಂದು ನಕ್ಕು, ಬಟ್ಟಲು ಬರಿದು ಮಾಡಿ, ಯಾವ ಊರಿಂದ ತರುತ್ತೀಯಮ್ಮ ಎಂದು ಕೇಳಿದಳು.

ಕಾನೂನು ಒಂದಿತ್ತು. ಹಿಂದೆ ಒಂದು ಮನೆಯವರು ಗೂಡಿನಿಂದ ಬಂದ ಹೆಂಗಸನ್ನು ಎಳೆದುಕೊಂಡು ಹೋಗಿ, ನಮ್ಮ ತಾಯಿಯ ಹಾಗೆ ನಡೆದುಕೊಳ್ಳುತ್ತಿಲ್ಲ ಎಂದು ಕೂಡಿ ಹಾಕಿ ಹಿಂಸೆ ಕೊಟ್ಟಿದ್ದರು. ಆಮೇಲೆ ಸರ್ಕಾರ ಹೇಳಿತು, ಗುರುತು ಹಿಡಿಯಬೇಕಾದವರು ಹೊರಬಂದವರೇ ಹೊರತು ಮನೆಯವರಲ್ಲ. ಅಮಾವಾಸ್ಯೆ ಹುಣ್ಣಿಮೆ ಎರಡು ಸುತ್ತು ಕಳೆದರೂ ಅವರು ಯಾರನ್ನೂ ತಮ್ಮವರೆನ್ನದಿದ್ದರೆ ಹೊಸ ಮನುಷ್ಯರೆಂದು ಲೆಕ್ಕ. ಹೊಸ ಹೆಸರು, ಹೊಸ ಊರು, ಹೊಸ ಬದುಕು. ಹಳೆಯವರು ಹುಡುಕಿಕೊಂಡು ಹೋಗುವಂತಿಲ್ಲ. ಹೊಂಬಾಳಮ್ಮ ಆ ಕಾನೂನನ್ನು ಶಪಿಸಲು ಹೋದಳು, ಆಗಲಿಲ್ಲ. ಅದರಲ್ಲಿ ನ್ಯಾಯವಿತ್ತು.

"ಆಕಿ ಆರಾಮ ಇರ್ತಾಳ್ರಿ" ಎಂದರು ಡಾಕ್ಟರು. "ಉದಯಾ ಅಂತ ಹೆಸರು ಬೇಕಂತ ಆಕೀನ ಆರಿಸ್ಯಾಳ. ನಾಳೆ ಗಡುವು ಮುಗೀತೈತಿ, ಅಧಿಕಾರಿ ಬರ್ತಾರ. ನೀವು ಬೆಳಿಗ್ಗೆ ಬಂದು ಒಂದ್ಸಲ ಮಾತಾಡಿಸಿ ಹೋಗ್ರಿ."

*

ಮರುದಿನ ಬೆಳಿಗ್ಗೆ ಹುಳು ಹಣ್ಣಾಗಿತ್ತು. ಹೊಂಬಾಳಮ್ಮ ಅದನ್ನು ಚಂದ್ರಂಕಿಗೆ ಬಿಟ್ಟು, ಮೊದಲ ನೂಲು ಮಿನುಗುವುದನ್ನು ನೋಡಿ, ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನಲ್ಲೇ ವಾದ ಮಾಡಿದಳು. ಅವಳಿಗೆ ಎದೆಬೇನೆ ಇಲ್ಲ. ಮಗ ಸತ್ತ ದುಃಖ ಇಲ್ಲ. ಚಿಕ್ಕ ಪ್ರಾಯ. ಉದಯಾ ಆಗಿಯೇ ಇರಲಿ, ನನಗೇನು ಹಕ್ಕಿದೆ ಅವಳ ತಲೆ ಮೇಲೆ ಹಳೇ ಭಾರ ಹೊರಿಸಲು? ಹೀಗೆಲ್ಲ ಅಂದುಕೊಂಡಳು. ಮರುಕ್ಷಣವೇ ಸಿಟ್ಟು ಬರುತ್ತಿತ್ತು. ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಾದರೆ ಇಷ್ಟು ವರ್ಷ ಯಾಕೆ ಬೈದೆ? ಯಾಕೆ ಆ ದಿನ ಅಡ್ಡ ನಿಂತೆ?

ಕೇಂದ್ರದ ಗೇಟಿನ ಬಳಿ ಒಂದು ಸಂಪಿಗೆ ಮರ. ದಿನವೂ ಅದರ ನೆರಳನ್ನೂ ತುಳಿಯದೆ ಸುತ್ತಿ ಹೋಗುತ್ತಿದ್ದವಳು ಇಂದು ನಿಂತಳು. ಕೆಂಡಸಂಪಿಗೆ ಗೊಂಚಲು ಗೊಂಚಲಾಗಿ ಅರಳಿ ಘಮ್ಮೆನ್ನುತ್ತಿತ್ತು. ಇಪ್ಪತ್ತು ವರ್ಷದ ಆಸೆ, ಇಪ್ಪತ್ತು ವರ್ಷದ ಸಿಟ್ಟು ಎರಡೂ ಒಟ್ಟಿಗೇ ಎದ್ದವು. "ನೀನೇ ಇಲ್ಲ ಅಂದ್ಮೇಲೆ ನಿನ್ನ ಕಟ್ಟಳೆ ಯಾತಕ್ಕೆ ನಂಗೆ?" ಎಂದು ಗಟ್ಟಿಯಾಗಿಯೇ ಅಂದುಬಿಟ್ಟಳು. ಕಾವಲುಗಾರ ತಿರುಗಿ ನೋಡಿದ. ನೋಡಲಿ. ಕೈಗೆ ಸಿಕ್ಕಷ್ಟು ಹೂವು ಕಿತ್ತು, ಜಡೆಯ ಬುಡಕ್ಕೆ ಒತ್ತೊತ್ತಾಗಿ ಸಿಕ್ಕಿಸಿಕೊಂಡು, ಮೂಗು ಒರೆಸಿಕೊಂಡು ಒಳಗೆ ನಡೆದಳು.

ಹೊಸಬಳು ಕಿಟಕಿಯ ಪಕ್ಕ ಕೂತು ಬಂಡೆಬೆಟ್ಟದ ಮೇಲೆ ಸುತ್ತುವ ಹದ್ದನ್ನು ನೋಡುತ್ತಿದ್ದಳು. ಮೂಲೆಯಲ್ಲಿ ಅವಳ ಒಡೆದ ಗೂಡನ್ನು ನಿಲ್ಲಿಸಿದ್ದರು. ಹೊರಬಂದವರ ಕೋಣೆಯಲ್ಲಿ ಅದನ್ನು ಇಡುವುದು ಅಲ್ಲಿನ ಪದ್ಧತಿ. ಡಾಕ್ಟರು, ಫಿಲೋಮಿನಾ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

"ಹೋಗ್ಬತ್ತೀನಿ ಕಣಮ್ಮ" ಎಂದಳು ಹೊಂಬಾಳಮ್ಮ, ಹತ್ತಿರ ಹೋಗಿ. "ಚೆನ್ನಾಗಿರು. ಹೊತ್ತೊತ್ತಿಗೆ ಉಣ್ಣು."

ಹೊಸಬಳು ನಗುತ್ತ ಈಚೆ ತಿರುಗಿದಳು. ನಗು ಅರ್ಧಕ್ಕೇ ನಿಂತಿತು. ಮೂಗಿನ ಹೊಳ್ಳೆ ಅಗಲವಾಯಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು, ಗೋಡೆಗೆ ಒತ್ತಿ ನಿಂತಳು. ಫಿಲೋಮಿನಾ ಹೆದರಿ ಮುಂದೆ ಬಂದಳು. ಡಾಕ್ಟರು ಅವಳ ತೋಳು ಹಿಡಿದು ನಿಲ್ಲಿಸಿದರು.

ಹೊಸಬಳು ಒಂದೇ ನೆಗೆತಕ್ಕೆ ಬಂದು ಹೊಂಬಾಳಮ್ಮನ ಜಡೆಗೆ ಕೈ ಹಾಕಿದಳು. ಕೂದಲ ಸಮೇತ ಹೂವನ್ನು ಕಿತ್ತು ಕಿಟಕಿಯಾಚೆ ಎಸೆದಳು.

"ಯಾವಳೇ ನೀನು, ಹುಳುಮನೆಗೆ ಸಂಪಿಗೆ ಮುಡ್ಕಂಡ್ ಬರೋಳು! ಬುದ್ಧಿ ನೆಟ್ಟಗೈತಾ ನಿಂಗೆ? ಹಾಲುಹುಳ ಬೀಳ್ತವೆ ಅಂತ ಎಷ್ಟು ಸಲ ಬಡ್ಕಳ್ಳಿ ನಾನು? ಹೊಂಬಾಳೀ! ಹೋಗಿ ತಲೆ ತೊಳ್ಕಂಡ್ ಬಾ, ಹೋಗೇ!"

ದನಿ ಎಳೆಯದು, ಹೊಸ ಗಂಟಲಿನದು. ಬೈಗುಳ ಮಾತ್ರ ಹಳೆಯದು, ಒಂದಕ್ಷರ ಆಚೆ ಈಚೆ ಇಲ್ಲ. ಹೊಂಬಾಳಮ್ಮ ಅಲ್ಲೇ ಕುಸಿದು ಕೂತು ಅತ್ತೆಯ ಕಾಲು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

"ಹುಳ ಓಡೋ ವಾಸನಿ!" ಎಂದರು ಡಾಕ್ಟರು, ಯಾರಿಗೆ ಎಂದಿಲ್ಲದೆ. "ನಾವು ಬರೇ ಸೇರೋ ವಾಸನಿ ತೋರಿಸಿಕೋತ ಕುಂತೀವಲ್ಲ!" ಅವರ ಕಣ್ಣಲ್ಲೂ ನೀರಿತ್ತು.

ಚನ್ನಾಜಮ್ಮನ ಮುಖದಲ್ಲಿ ಒಂದೊಂದಾಗಿ ನೆನಪಿನ ಗಂಟು ಬಿಗಿಯುತ್ತಿರುವುದು ಕಾಣುತ್ತಿತ್ತು. "ಹುಳ ಎಷ್ಟನೇ ಜ್ವರಕ್ಕೆ ಕೂತವೆ?" ಎಂದಳು.

"ಹಣ್ಣಾಗವೆ ಅತ್ತೆ. ಬೆಳಿಗ್ಗೆ ಚಂದ್ರಂಕಿಗೆ ಬಿಟ್ಟೆ."

"ಒಬ್ಬಳೇನಾ? ಮಾದೇಶ ಎಲ್ಲಿ..." ಎಂದವಳು ನಿಲ್ಲಿಸಿದಳು. ಅದೂ ಬಂತು. ಬರಲೇಬೇಕಲ್ಲ. "ಅವನಿಲ್ಲ, ಅಲ್ವೇನೇ?"

"ಇಲ್ಲ ಅತ್ತೆ."

ಹೊಸ ಕಣ್ಣುಗಳಿಂದ ಹಳೆಯ ನೀರು ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲು ಕೈಯೆತ್ತಿ, ಆ ಕೈಯನ್ನೇ ನೋಡುತ್ತ ನಿಂತಳು. ಹಿಂದೆ ಮುಂದೆ ತಿರುಗಿಸಿದಳು. ಸುಕ್ಕಿಲ್ಲ, ಸೊಪ್ಪಿನ ಕರೆಯಿಲ್ಲ. ಆಮೇಲೆ ಅವಳ ನೋಟ ಮೂಲೆಯ ಗೂಡಿನ ಮೇಲೆ ಬಿತ್ತು. ಹತ್ತಿರ ಹೋಗಿ, ಕಸುಬಿನವಳ ಹಾಗೆ ಹೆಬ್ಬೆರಳಲ್ಲಿ ಒತ್ತಿ, ಎಳೆ ಬಿಡಿಸಿ ನೋಡಿದಳು.

"ಎಂಥಾ ಗೂಡೇ ಇದು! ತೂತಾಗೈತಲ್ಲ, ಥೂ. ಯಾರ್ದಿದು?"

"ನಿಂದೇ ಅತ್ತೆ."

ಚನ್ನಾಜಮ್ಮ ಗೂಡಿನತ್ತ ಬಾಗಿದಳು. ತೂತಿನ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದಳು. ಒಂದು ಉದ್ದನೆಯ, ತಡೆಯಿಲ್ಲದ ಉಸಿರನ್ನು ಎಳೆದುಕೊಂಡಳು. ಅದು ಎದೆಯ ತಳದವರೆಗೂ ಇಳಿದದ್ದು ಅವಳಿಗೇ ಸೋಜಿಗವಾದಂತೆ ಕಂಡಿತು.

"ಹೊರಕ್ಕೆ ಬಂತಾ ಹಂಗಾದ್ರೆ?" ಎಂದಳು ಮೆಲ್ಲಗೆ. "ನೀನು ನೋಡ್ದಾ?"

"ನೋಡ್ದೆ ಅತ್ತೆ."

"ನಂಗೆ ನೋಡಕ್ಕಾಗ್ಲಿಲ್ಲ ನೋಡು. ಹೆಂಗಿತ್ತೇ ಚಿಟ್ಟೆ?"

ಹೊಂಬಾಳಮ್ಮ ಕೆದರಿದ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆ ತೊಳೆಯಲು ನಲ್ಲಿಯ ಕಡೆ ಹೊರಟಿದ್ದವಳು, ಬಾಗಿಲಲ್ಲಿ ತಿರುಗಿ ನಿಂತಳು.

"ಬೈತಿತ್ತು ಅತ್ತೆ" ಎಂದಳು.